ಬೂಟ್‌ಲೋಡರ್‌ಗೆ ಎಷ್ಟು ಮೆಮೊರಿ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಲು ಹೊರಟವರು, ಎರಡು ಓಎಸ್ ಒಟ್ಟಿಗೆ ಇಟ್ಟುಕೊಂಡವರು, ಪುಟ್ಟ ಬೋರ್ಡ್‌ಗಳ ಜೊತೆ ಆಟ ಆಡುವವರು ನನ್ನನ್ನು ಕೇಳುವ ಪ್ರಶ್ನೆಗಳಿವು. ಬೂಟ್‌ಲೋಡರ್ ಅಂದರೆ ಕಂಪ್ಯೂಟರ್ ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಉತ್ತರಗಳಲ್ಲಿ ಹೆಚ್ಚು ಬರುವುದು ಗ್ರಬ್ ಎಂಬ ಬೂಟ್‌ಲೋಡರ್. ಪಿಸಿಯಲ್ಲಿ ಲಿನಕ್ಸ್ ಬಳಸುವವರಲ್ಲಿ ಹೆಚ್ಚಿನವರು ಬೆಳಗ್ಗೆ ಎದ್ದು ಮೊದಲು ನೋಡುವ ಮುಖ ಅದೇ ಅಲ್ವಾ.

ನನ್ನ ಯಂತ್ರದಲ್ಲಿ 2 ಜಿಬಿ ರ‍್ಯಾಮ್ ಮಾತ್ರ ಇದೆ. ಬೂಟ್‌ಲೋಡರ್ ಅದರಲ್ಲಿ ಎಷ್ಟು ತಿನ್ನುತ್ತದೆ?

ಲೆಕ್ಕಕ್ಕೆ ಇಡಬೇಕಾದಷ್ಟು ಏನೂ ಇಲ್ಲ. ಮದುವೆಗೆ ಚಪ್ಪರ ಹಾಕಲು ಬಂದವರನ್ನು ಊಟದ ಎಲೆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಮುಹೂರ್ತಕ್ಕೆ ಮೊದಲೇ ಅವರು ಹೊರಟಿರುತ್ತಾರೆ. ಬೂಟ್‌ಲೋಡರ್ ಕೂಡ ಹಾಗೆ. ಕರ್ನಲ್ ಅನ್ನು, ಅಂದರೆ ಓಎಸ್‌ನ ತಿರುಳನ್ನು, ಡಿಸ್ಕ್‌ನಿಂದ ಎತ್ತಿ ಮೆಮೊರಿಗೆ ತಂದಿಟ್ಟು, ಕೈ ತೊಳೆದುಕೊಂಡು ಹೋಗುತ್ತದೆ. ಅದು ಕೂತಿದ್ದ ಜಾಗವನ್ನು ಕರ್ನಲ್ ತನ್ನದು ಮಾಡಿಕೊಳ್ಳುತ್ತದೆ.

ಆದರೂ ಬೂಟ್ ಆಗುವಾಗ ಮೆಮೊರಿ ತಕರಾರು ಬರುವುದು ನಿಜ. ಅದು ಬಹುತೇಕ "ಎಷ್ಟು" ಎಂಬ ತಕರಾರಲ್ಲ, "ಎಲ್ಲಿ" ಎಂಬ ತಕರಾರು. ಅಥವಾ ಬೂಟ್‌ಲೋಡರ್ ಹೊತ್ತು ತರುವ ಮೂಟೆಯ ತಕರಾರು. ಮುಂದಿನ ಉತ್ತರಗಳಲ್ಲಿ ಇವೆರಡೇ ಮತ್ತೆ ಮತ್ತೆ ಬರುತ್ತವೆ.

446 ಬೈಟ್ ಅಂತ ಎಲ್ಲೋ ಓದಿದೆ. ಅಷ್ಟರಲ್ಲಿ ಒಂದು ಪ್ರೋಗ್ರಾಂ ಹಿಡಿಸುತ್ತದೆಯೇ?

ಹಿಡಿಸಲೇಬೇಕು, ಬೇರೆ ದಾರಿ ಇಲ್ಲ. ಬಯೋಸ್ ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ. ಹಳೆಯ ಬಯೋಸ್ ಪದ್ಧತಿಯಲ್ಲಿ ಅದು ಡಿಸ್ಕ್‌ನ ಮೊದಲ ಸೆಕ್ಟರ್ ಒಂದನ್ನೇ ಓದುತ್ತದೆ. ಅದು 512 ಬೈಟ್. ಅದರಲ್ಲಿ 64 ಬೈಟ್ ಪಾರ್ಟಿಷನ್ (ಡಿಸ್ಕ್‌ನ ಪಾಲು) ಪಟ್ಟಿಗೆ, ಅಂದರೆ ತಲಾ 16 ಬೈಟ್‌ನ ನಾಲ್ಕು ಸಾಲು. ಕೊನೆಯ 2 ಬೈಟ್ "ಇದು ಬೂಟ್ ಆಗುವ ಡಿಸ್ಕ್" ಎಂಬ ಗುರುತಿಗೆ. ಉಳಿದದ್ದು 446. ಈ ಪ್ಯಾರಾದ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಸೇವ್ ಮಾಡಿದರೆ ಅದಕ್ಕಿಂತ ಜಾಸ್ತಿ ಜಾಗ ಬೇಕು.

ಅಷ್ಟರಲ್ಲಿ ಫೈಲ್ ಸಿಸ್ಟಮ್ ಓದುವ ಬುದ್ಧಿ ತುಂಬಲು ಆಗುವುದಿಲ್ಲ. ಆದ್ದರಿಂದ ಗ್ರಬ್‌ನ ಈ ಮೊದಲ ತುಂಡಿಗೆ ಗೊತ್ತಿರುವುದು ಒಂದೇ ವಿಷಯ: "ಇಂಥ ನಂಬರಿನ ಸೆಕ್ಟರ್ ಓದು, ಅಲ್ಲಿಗೆ ನೆಗೆ." ಅಲ್ಲಿ ಎರಡನೇ ತುಂಡು ಕಾದಿರುತ್ತದೆ. ಅದನ್ನು ಕೋರ್ ಇಮೇಜ್ ಅನ್ನುತ್ತಾರೆ. ಎಕ್ಸ್ಟ್4 ಥರದ ಫೈಲ್ ಸಿಸ್ಟಮ್ ಓದುವುದು, ಮೆನು ತೋರಿಸುವ ಮಾಡ್ಯೂಲ್‌ಗಳನ್ನು ಹುಡುಕುವುದು ಎಲ್ಲ ಅದರ ಕೆಲಸ.

ಎರಡನೇ ತುಂಡು ಕೂರುವುದು ಮೊದಲ ಸೆಕ್ಟರ್‌ಗೂ ಮೊದಲ ಪಾರ್ಟಿಷನ್‌ಗೂ ನಡುವಿನ ಖಾಲಿ ಜಾಗದಲ್ಲಿ. ಹಿಂದೆ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಶುರುವಾಗುತ್ತಿತ್ತು. ನಡುವೆ ಉಳಿಯುತ್ತಿದ್ದದ್ದು 62 ಸೆಕ್ಟರ್, ಅಂದರೆ 31,744 ಬೈಟ್. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಅಥವಾ ರೇಡ್ (ಹಲವು ಡಿಸ್ಕ್ ಸೇರಿಸಿ ಬಳಸುವುದು) ಬೇಕು ಅಂದರೆ ಅಷ್ಟು ಸಾಲದೆ ಗ್ರಬ್ ಹಾಕುವಾಗಲೇ ಜಗಳ ಶುರುವಾಗುತ್ತಿತ್ತು. ಈಗಿನ ಪಾರ್ಟಿಷನ್ ಉಪಕರಣಗಳು 2048ನೇ ಸೆಕ್ಟರ್‌ನಿಂದ ಶುರು ಮಾಡುತ್ತವೆ. ಹತ್ತಿರ ಹತ್ತಿರ 1 ಎಂಬಿ ಜಾಗ ಸಿಗುತ್ತದೆ, ಜಗಳ ನಿಂತಿದೆ. ಹಳೆಯ ಡಿಸ್ಕ್‌ನ ಪಾರ್ಟಿಷನ್ ಮುಟ್ಟದೆ ಹೊಸ ಗ್ರಬ್ ಹಾಕುವವರು ಮಾತ್ರ ಇದನ್ನು ನೆನಪಿಡಬೇಕು.

ಬಯೋಸ್ ಆ 512 ಬೈಟ್‌ಗಳನ್ನು ಮೆಮೊರಿಯ ಎಲ್ಲಿಗೆ ತಂದಿಡುತ್ತದೆ?

31,744ನೇ ಬೈಟ್‌ಗೆ. ಹೆಕ್ಸ್ ಲೆಕ್ಕದಲ್ಲಿ 7ಸಿ00. ಮೇಲಿನ ಉತ್ತರದಲ್ಲೂ ಇದೇ ಅಂಕಿ ಬಂದದ್ದು ಬರೀ ಕಾಕತಾಳೀಯ, ಅದರಲ್ಲಿ ಗುಟ್ಟೇನೂ ಇಲ್ಲ.

ಈ ವಿಚಿತ್ರ ವಿಳಾಸ ಬಂದದ್ದು 1981ರ ಐಬಿಎಂ ಪಿಸಿಯಿಂದ. ಆಗ 32 ಕೆಬಿ ಮೆಮೊರಿ ಇರುವ ಯಂತ್ರದಲ್ಲೂ ಡಾಸ್ ಎಂಬ ಓಎಸ್ ಓಡಬೇಕಿತ್ತು. ಮೆಮೊರಿಯ ತಳದ 1 ಕೆಬಿ ಇಂಟರಪ್ಟ್ ಪಟ್ಟಿಗೆ ಮೀಸಲು, ಅದರ ಮೇಲಿನ ಸ್ವಲ್ಪ ಬಯೋಸ್‌ನ ಟಿಪ್ಪಣಿಗೆ. ಓಎಸ್‌ಗೆ ಒಂದೇ ತುಂಡಾಗಿ ದೊಡ್ಡ ಜಾಗ ಬಿಡಬೇಕು ಅಂದರೆ ಬೂಟ್ ಸೆಕ್ಟರ್ ಆದಷ್ಟು ಮೇಲೆ ಹೋಗಿ ಕೂರಬೇಕು. 32 ಕೆಬಿಯ ತುದಿಯಲ್ಲಿ 1 ಕೆಬಿ ಬಿಟ್ಟುಕೊಂಡರು: 512 ಬೈಟ್ ಕೋಡ್‌ಗೆ, 512 ಬೈಟ್ ಅದರ ಸ್ಟ್ಯಾಕ್ ಮತ್ತು ಡೇಟಾಕ್ಕೆ. 32ರಲ್ಲಿ 1 ಕಳೆದರೆ 31 ಕೆಬಿ, ಅದೇ 31,744.

ನಲವತ್ತು ವರ್ಷ ದಾಟಿದರೂ ಬಯೋಸ್ ಮೋಡ್‌ನಲ್ಲಿ ಬೂಟ್ ಆಗುವ ಯಂತ್ರ ಆ ವಿಳಾಸ ಬಿಟ್ಟಿಲ್ಲ. ಗ್ರಬ್‌ನ ಎರಡನೇ ತುಂಡು ಕೂರುವುದು 32,768ಕ್ಕೆ, ಅಂದರೆ ಆ ಹಳೆಯ 32 ಕೆಬಿ ಎಲ್ಲಿ ಮುಗಿಯುತ್ತಿತ್ತೋ ಸರಿಯಾಗಿ ಅಲ್ಲಿಗೆ.

16 ಜಿಬಿ ಹಾಕಿಸಿದ್ದೇನೆ. ಈಗಲೂ 640 ಕೆಬಿ ಮಾತು ಯಾಕೆ?

ಪ್ರೊಸೆಸರ್ ಎಚ್ಚರವಾದಾಗ ತಾನಿನ್ನೂ 8086 ಎಂಬ ಹಳೆಯ ಪ್ರೊಸೆಸರ್ ಅಂದುಕೊಂಡೇ ಏಳುತ್ತದೆ. ಅದನ್ನು ರಿಯಲ್ ಮೋಡ್ ಅನ್ನುತ್ತಾರೆ. ಆ ಮೋಡ್‌ನಲ್ಲಿ ಕೈಗೆ ಎಟಕುವುದು ಮೊದಲ 1 ಎಂಬಿ ಮಾತ್ರ. ಅದರಲ್ಲೂ 640 ಕೆಬಿಯಿಂದ ಮೇಲಿನದು ವಿಡಿಯೋ ಮತ್ತು ಬಯೋಸ್ ಇರುವ ರೋಮ್‌ಗೆ ಹಂಚಿಹೋಗಿದೆ.

ಗ್ರಬ್ ಬೇಗನೆ ದೊಡ್ಡ ಮೋಡ್‌ಗೆ ಹಾರಿ 4 ಜಿಬಿವರೆಗಿನ ಮೆಮೊರಿ ನೋಡಬಲ್ಲದು. ಆದರೆ ಡಿಸ್ಕ್ ಓದಲು ಅದಕ್ಕೆ ಬಯೋಸ್‌ನ ಸಹಾಯ ಬೇಕು, ಬಯೋಸ್‌ಗೆ ರಿಯಲ್ ಮೋಡ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಹಾಗಾಗಿ ಗ್ರಬ್ ಪ್ರತಿ ಸಲ ಕೆಳಗಿಳಿದು ಬಂದು, 1 ಎಂಬಿ ಒಳಗಿನ ಒಂದು ಸಣ್ಣ ಬಫರ್‌ಗೆ ಓದಿಸಿಕೊಂಡು, ಮತ್ತೆ ಮೇಲೆ ಹತ್ತಿ ಅದನ್ನು ದೊಡ್ಡ ಮೆಮೊರಿಗೆ ನಕಲು ಮಾಡುತ್ತದೆ. ಬಾವಿಯಿಂದ ಕೊಡದಲ್ಲಿ ನೀರು ಸೇದಿ ಟ್ಯಾಂಕ್ ತುಂಬಿಸಿದ ಹಾಗೆ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಕೊಡದ ಅಳತೆ ಬದಲಾಗುವುದಿಲ್ಲ.

ಲಿನಕ್ಸ್ ಕರ್ನಲ್‌ಗೂ ಒಂದು ಕಾಲದಲ್ಲಿ ಇದೇ ಕಷ್ಟ ಇತ್ತು. ಹಳೆಯ ಜಡ್‌ಇಮೇಜ್ ಎಂಬ ಬಗೆಯ ಕರ್ನಲ್ ಈ ಕೆಳಗಿನ ಜಾಗದಲ್ಲೇ ಕೂರಬೇಕಿತ್ತು, 512 ಕೆಬಿ ದಾಟುವಂತಿರಲಿಲ್ಲ. ಆಮೇಲೆ ಬಂದ ಬಿಜಡ್‌ಇಮೇಜ್ 1 ಎಂಬಿಯ ಮೇಲೆ ಹೋಗಿ ಕೂತಿತು. ಇಲ್ಲಿ "ಬಿ" ಅಂದರೆ "ಬಿಗ್", ದೊಡ್ಡದು ಅಂತ. ಸುಮಾರು ಜನ ಅದನ್ನು ಬಿಜಿಪ್ ಕಂಪ್ರೆಷನ್ ಅಂದುಕೊಂಡಿರುತ್ತಾರೆ, ಅಲ್ಲ.

ಬಯೋಸ್ ಮೋಡ್‌ನ ಲಿನಕ್ಸ್ ಯಂತ್ರದಲ್ಲಿ ಡಿಮೆಸೇಜ್ (dmesg) ಕಮಾಂಡ್ ಓಡಿಸಿ ಮೆಮೊರಿ ನಕ್ಷೆಯ ಮೊದಲ ಸಾಲು ನೋಡಿ. "ಬಳಸಬಹುದು" ಎಂಬ ಮೊದಲ ತುಂಡು ಸಾಮಾನ್ಯವಾಗಿ 639 ಕೆಬಿಗೆ ನಿಂತಿರುತ್ತದೆ. ಕಾಣೆಯಾದ 1 ಕೆಬಿ ಬಯೋಸ್‌ನ ಇನ್ನೊಂದು ಟಿಪ್ಪಣಿ ಪುಸ್ತಕ.

ನನ್ನದು ಯುಇಎಫ್‌ಐ. ಇದೆಲ್ಲ ನನಗೆ ಬೇಕಾ?

ಮೇಲಿನ ಮೂರು ಉತ್ತರ ನಿಮಗೆ ಇತಿಹಾಸ ಮಾತ್ರ. ಯುಇಎಫ್‌ಐ ಅಂದರೆ ಬಯೋಸ್‌ನ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್, ಅಂದರೆ ಬೋರ್ಡ್‌ನಲ್ಲೇ ಕೂತಿರುವ ಪ್ರೋಗ್ರಾಂ. ಯುಇಎಫ್‌ಐನಲ್ಲಿ ಬೂಟ್‌ಲೋಡರ್ ಒಂದು ಮಾಮೂಲಿ ಫೈಲ್. ಅದು ಜಾಗವನ್ನು ತಾನೇ ಹುಡುಕುವುದಿಲ್ಲ, 4 ಕೆಬಿ ಪುಟಗಳ ಲೆಕ್ಕದಲ್ಲಿ ಫರ್ಮ್‌ವೇರ್‌ನಿಂದ ಕೇಳಿ ಪಡೆಯುತ್ತದೆ. ಯಾವ ಪುಟ ಯಾರದ್ದು ಅಂತ ಫರ್ಮ್‌ವೇರ್ ಪಟ್ಟಿ ಇಟ್ಟಿರುತ್ತದೆ.

ಹೊರಡುವಾಗಿನ ಶಾಸ್ತ್ರ ನನಗೆ ಇಷ್ಟ. ಬೂಟ್‌ಲೋಡರ್ ಅಥವಾ ಕರ್ನಲ್ ಮೊದಲು ಮೆಮೊರಿ ಪಟ್ಟಿ ಕೇಳಬೇಕು. ಪಟ್ಟಿಯ ಜೊತೆ ಒಂದು ಕೀಲಿ ನಂಬರ್ ಬರುತ್ತದೆ. "ಇನ್ನು ನಿನ್ನ ಸಹಾಯ ಬೇಡ" ಎಂದು ಹೇಳುವಾಗ ಆ ನಂಬರ್ ಒಪ್ಪಿಸಬೇಕು. ನಡುವೆ ಒಂದೇ ಒಂದು ಪುಟ ಆಚೀಚೆ ಆಗಿದ್ದರೂ ನಂಬರ್ ಹಳೆಯದಾಗಿರುತ್ತದೆ, ಫರ್ಮ್‌ವೇರ್ ಒಪ್ಪುವುದಿಲ್ಲ. ಮತ್ತೆ ಪಟ್ಟಿ ಕೇಳಬೇಕು. ಬಾಡಿಗೆ ಮನೆ ಬಿಡುವಾಗ ಸಾಮಾನು ಎಣಿಸಿ ಬೀಗದ ಕೈ ಕೊಡುವ ಹಾಗೆಯೇ. ತಮ್ಮದೇ ಬೂಟ್‌ಲೋಡರ್ ಬರೆಯುವ ಹುಡುಗರು ಮೊದಲು ಎಡವುವುದು ಇಲ್ಲಿ. ಪಟ್ಟಿ ತಂದ ಮೇಲೆ ಪರದೆಗೆ ಒಂದು ಸಾಲು ಪ್ರಿಂಟ್ ಮಾಡಿದರೂ ಸಾಕು, ಫರ್ಮ್‌ವೇರ್ ಒಳಗೆ ಮೆಮೊರಿ ಕದಲಬಹುದು.

ರ‍್ಯಾಮ್ ಇನ್ನೂ ಚಾಲೂ ಆಗಿರದ ಹೊತ್ತಿನಲ್ಲಿ ಕೋಡ್ ಎಲ್ಲಿ ಓಡುತ್ತದೆ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಡಿಡಿಆರ್ ರ‍್ಯಾಮ್ ಕರೆಂಟ್ ಕೊಟ್ಟ ತಕ್ಷಣ ಕೆಲಸ ಮಾಡುವುದಿಲ್ಲ. ಅದರ ಟೈಮಿಂಗ್ ಹೊಂದಿಸಬೇಕು, ಹೊಂದಿಸುವುದೂ ಒಂದು ಪ್ರೋಗ್ರಾಂ. ಆ ಪ್ರೋಗ್ರಾಂಗೂ ಮೆಮೊರಿ ಬೇಕು. ಪಿಸಿಯ ಫರ್ಮ್‌ವೇರ್ ಆ ಹೊತ್ತಿಗೆ ಪ್ರೊಸೆಸರ್‌ನ ಕ್ಯಾಶ್ (ಅದರೊಳಗಿನ ಪುಟ್ಟ ಮೆಮೊರಿ) ಅನ್ನೇ ರ‍್ಯಾಮ್ ಹಾಗೆ ಬಳಸಿಕೊಳ್ಳುತ್ತದೆ. ಡಿಡಿಆರ್5 ಸ್ಟಿಕ್ ಹೊಸದಾಗಿ ಹಾಕಿದಾಗ ಮೊದಲ ಸಲ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ಕೆಲವು ಯಂತ್ರಗಳು ಟೈಮಿಂಗ್ ಹೊಂದಿಸಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತವೆ. ಸುಮ್ನೆ ಕೂತು ಕಾಫಿ ಕುಡಿಯಿರಿ.

ಪುಟ್ಟ ಬೋರ್ಡ್‌ಗಳಲ್ಲಿ ಈ ಹಂತ ಇನ್ನೂ ಇಕ್ಕಟ್ಟು. ಹಳೆಯ ರಾಸ್ಪ್‌ಬೆರಿ ಪೈಗಳಲ್ಲಿ ಮೊದಲು ಏಳುವುದು ಗ್ರಾಫಿಕ್ಸ್ ಭಾಗ. ಅದು ಎಸ್‌ಡಿ ಕಾರ್ಡ್‌ನಿಂದ ಬೂಟ್‌ಕೋಡ್ ಫೈಲ್ ಅನ್ನು ತನ್ನ 128 ಕೆಬಿ ಕ್ಯಾಶ್‌ಗೆ ಎಳೆದುಕೊಂಡು, ಅದರಿಂದ ರ‍್ಯಾಮ್ ಎಬ್ಬಿಸುತ್ತದೆ. ಯು-ಬೂಟ್ ಎಂಬ ಬೂಟ್‌ಲೋಡರ್ ಬಳಸುವ ಬೋರ್ಡ್‌ಗಳಲ್ಲಿ ಬೂಟ್‌ಲೋಡರ್ ಅನ್ನೇ ಎರಡು ಹೋಳು ಮಾಡುತ್ತಾರೆ. ಎಸ್‌ಪಿಎಲ್ ಎಂಬ ಚಿಕ್ಕ ಹೋಳು ಚಿಪ್ ಒಳಗಿನ ಪುಟ್ಟ ಮೆಮೊರಿಯಾದ ಎಸ್‌ರ‍್ಯಾಮ್‌ನಲ್ಲಿ ಓಡಿ ಡಿಡಿಆರ್ ಎಬ್ಬಿಸುತ್ತದೆ. ಆಲ್‌ವಿನ್ನರ್‌ನ ಎ20 ಥರದ ಚಿಪ್‌ಗಳಲ್ಲಿ ಈ ಎಸ್‌ಪಿಎಲ್‌ಗೆ ಸಿಗುವುದು ಬೆರಳೆಣಿಕೆಯ ಕೆಬಿಗಳು, 32ರ ಒಳಗೇ. ಬೂಟ್‌ಲೋಡರ್‌ಗೆ ಮೆಮೊರಿ ನಿಜವಾಗಿಯೂ ಸಾಲದೆ ಹೋಗುವ ಜಾಗ ಅಂತ ಇದ್ದರೆ ಇದೇ. ಇಲ್ಲಿ ಒಂದು ಎರರ್ ಸಂದೇಶ ಉದ್ದವಾದರೂ ಬಿಲ್ಡ್ ಕೆಡುತ್ತದೆ. ದೊಡ್ಡ ಹೋಳು ಆಮೇಲೆ ಡಿಡಿಆರ್‌ಗೆ ಬಂದು, ಕರ್ನಲ್‌ಗೆ ಅಡ್ಡ ಬರಬಾರದು ಅಂತ ತನ್ನನ್ನು ತಾನೇ ಮೆಮೊರಿಯ ಮೇಲಿನ ತುದಿಗೆ ಸ್ಥಳಾಂತರ ಮಾಡಿಕೊಳ್ಳುತ್ತದೆ.

ಗ್ರಬ್ "ಎರರ್: ಔಟ್ ಆಫ್ ಮೆಮೊರಿ" ಅನ್ನುತ್ತಿದೆ. ರ‍್ಯಾಮ್ ಹಾಳಾಯಿತೇ?

ಹಾಳಾಗಿರುವ ಸಾಧ್ಯತೆ ಕಡಿಮೆ. ಹೊಸ ಸ್ಟಿಕ್ ಕೊಳ್ಳಲು ಅಂಗಡಿಗೆ ಓಡಬೇಡಿ. ನಾನು ಒಮ್ಮೆ ಓಡಿದ್ದೆ. 16 ಜಿಬಿ ಇರುವ ಯಂತ್ರ. ಹಿಂದಿನ ರಾತ್ರಿ ಗ್ರಾಫಿಕ್ಸ್ ಡ್ರೈವರ್ ಹಾಕಿ ಮಲಗಿದ್ದೆ. ಬೆಳಗ್ಗೆ ನೋಡಿದರೆ ಈ ಸಂದೇಶ, ಅದರ ಕೆಳಗೆ ಒಂದು ಕೀ ಒತ್ತಿ ಅಂತ. ಒತ್ತಿದರೆ ಕರ್ನಲ್ ಪ್ಯಾನಿಕ್, ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗಲಿಲ್ಲ ಎಂಬ ಗೋಳು. ಅಂಗಡಿಯಲ್ಲಿ ರ‍್ಯಾಮ್ ಬದಲಿಸಿ ನೋಡಿದರೂ ಅದೇ ಹಾಡು. ಮನೆಗೆ ಬಂದು ಬೂಟ್ ಫೋಲ್ಡರ್ ನೋಡಿದಾಗ ಗೊತ್ತಾಯಿತು: ಇನಿಟ್‌ರಾಮ್‌ಎಫ್‌ಎಸ್ ಫೈಲ್ ಹಿಂದಿನದಕ್ಕಿಂತ ಎರಡು ಪಟ್ಟು ದಪ್ಪ ಆಗಿತ್ತು.

ಇನಿಟ್‌ರಾಮ್‌ಎಫ್‌ಎಸ್ ಅಂದರೆ ಕರ್ನಲ್‌ನ ದಾರಿ ಬುತ್ತಿ. ಡಿಸ್ಕ್ ತೆರೆಯಲು ಬೇಕಾದ ಡ್ರೈವರ್‌ಗಳೆಲ್ಲ ಅದರಲ್ಲಿರುತ್ತವೆ. ಅದನ್ನು ಮೆಮೊರಿಯಲ್ಲಿ ಒಂದೇ ಅಖಂಡ ತುಂಡಾಗಿ ಇಡುವುದು ಬೂಟ್‌ಲೋಡರ್‌ನ ಜವಾಬ್ದಾರಿ. ಎಲ್ಲೆಂದರಲ್ಲಿ ಇಡುವಂತಿಲ್ಲ, ಎಷ್ಟು ಎತ್ತರದ ವಿಳಾಸದವರೆಗೆ ಇಡಬಹುದು ಅಂತ ಕರ್ನಲ್ ತನ್ನ ತಲೆಬರಹದಲ್ಲೇ ಬರೆದಿರುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಆ ಗಡಿ 896 ಎಂಬಿ. ಗಡಿಯ ಒಳಗಿನ ಮೆಮೊರಿಯಲ್ಲಿ ಫರ್ಮ್‌ವೇರ್ ಅಲ್ಲಲ್ಲಿ ಟವೆಲ್ ಹಾಕಿ ಸೀಟ್ ಹಿಡಿದಿರುತ್ತದೆ. ಗ್ರಬ್‌ನ ಸ್ವಂತ ಹೀಪ್ (ತನ್ನ ಕೆಲಸಕ್ಕೆ ಹಿಡಿದ ಮೆಮೊರಿ) ಕೂಡ ಇಡೀ 16 ಜಿಬಿ ಅಲ್ಲ, ಅದರ ಒಂದು ಭಾಗ. ಬಸ್ಸಿನಲ್ಲಿ ಒಟ್ಟು ಇಪ್ಪತ್ತು ಸೀಟ್ ಖಾಲಿ ಇದ್ದರೂ ಆರು ಜನ ಅಕ್ಕಪಕ್ಕ ಕೂರಲು ಆಗದಿರುವುದು ಇದೇ ಕಥೆ.

ಏನು ಮಾಡಬೇಕು? ಮೊದಲು ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಯ್ಕೆಗೆ ಹೋಗಿ ಹಳೆಯ ಕರ್ನಲ್‌ನಿಂದ ಒಳಗೆ ಬನ್ನಿ. ಅದರ ಇನಿಟ್‌ರಾಮ್‌ಎಫ್‌ಎಸ್ ಸಾಮಾನ್ಯವಾಗಿ ಇನ್ನೂ ತೆಳ್ಳಗಿರುತ್ತದೆ. ಡೆಬಿಯನ್, ಉಬುಂಟು ಬಳಗದಲ್ಲಿ ಇನಿಟ್‌ರಾಮ್‌ಎಫ್‌ಎಸ್ ಕಾನ್ಫ್ ಫೈಲ್ ತೆರೆದು, ಮಾಡ್ಯೂಲ್ಸ್ ಎಂಬ ಸಾಲಿನಲ್ಲಿ "ಮೋಸ್ಟ್" ಬದಲು "ಡೆಪ್" ಬರೆಯಿರಿ. ಆಗ ಈ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಸೇರುತ್ತವೆ. ಅಲ್ಲೇ ಕಂಪ್ರೆಷನ್ ಅನ್ನು ಎಕ್ಸ್‌ಜಡ್‌ಗೆ ಬದಲಿಸಿದರೆ ಇನ್ನಷ್ಟು ಇಳಿಯುತ್ತದೆ, ಬಿಚ್ಚಲು ಸ್ವಲ್ಪ ನಿಧಾನ ಅಷ್ಟೆ. ಆಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿ. "ಡೆಪ್" ಹಾಕಿದ ಡಿಸ್ಕ್ ಅನ್ನು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಅದು ಏಳದೇ ಇರಬಹುದು. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹೊತ್ತು ತಿರುಗುವವರು ಅದರ ತಂಟೆಗೆ ಹೋಗಬೇಡಿ.

"ನೋ ಸ್ಪೇಸ್ ಲೆಫ್ಟ್" ಅಂತ ಬಂದರೆ ಅದೂ ಇದೇನಾ?

ಅಲ್ಲ. ಅದು ಡಿಸ್ಕ್ ತುಂಬಿರುವುದು. ಬೂಟ್ ಪಾರ್ಟಿಷನ್‌ನಲ್ಲಿ ಹಳೆಯ ಕರ್ನಲ್‌ಗಳು ರಾಶಿ ಬಿದ್ದಿರುತ್ತವೆ, ತೆಗೆಯಿರಿ.

ಗ್ರಬ್‌ಗೆ ಚೆಂದದ ಥೀಮ್ ಹಾಕಿದರೆ ಮೆಮೊರಿ ಹೋಗುತ್ತದೆಯೇ?

ಹೋಗುತ್ತದೆ, ಇಡೀ ಗ್ರಬ್‌ನಲ್ಲಿ ಜಾಸ್ತಿ ತಿನ್ನುವುದೇ ಶೋಕಿ. 1920 ಗುಣಿಸು 1080 ಪರದೆಗೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ, ಒಂದು ಚಿತ್ರಕ್ಕೆ 82,94,400 ಬೈಟ್ ಬೇಕು. 4ಕೆ ಪರದೆಯಾದರೆ ಅದರ ನಾಲ್ಕು ಪಟ್ಟು, 33 ಎಂಬಿ ಆಸುಪಾಸು. ಹಿನ್ನೆಲೆ ಚಿತ್ರ, ಪರದೆಯ ಬಫರ್, ಫಾಂಟ್ ಎಲ್ಲ ಸೇರಿದರೆ ಇನ್ನೂ ಏರುತ್ತದೆ. ಮೇಲಿನ "ಔಟ್ ಆಫ್ ಮೆಮೊರಿ" ಅಂಚಿನಲ್ಲಿರುವ ಯಂತ್ರಕ್ಕೆ ಇದೇ ಕೊನೆಯ ಹುಲ್ಲುಕಡ್ಡಿ ಆಗಬಹುದು. ಗ್ರಬ್‌ನ ಜಿಎಫ್‌ಎಕ್ಸ್‌ಮೋಡ್ ಅನ್ನು 1024 ಗುಣಿಸು 768ಕ್ಕೆ ಇಳಿಸಿ ನೋಡಿ. ಐದು ಸೆಕೆಂಡ್ ಕಾಣುವ ಮೆನುಗೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಗಳು ಒಪ್ಪುವುದಿಲ್ಲ.

ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಹೊಸ ಯಂತ್ರದಲ್ಲಿ ತೆರೆಯುತ್ತದೆ, 512 ಎಂಬಿಯ ಹಳೆಯದರಲ್ಲಿ ತೆರೆಯುವುದಿಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ!

ಪಾಸ್‌ವರ್ಡ್ ತಪ್ಪಿಲ್ಲ, ಮೆಮೊರಿ ಸಾಲದು. ಲಕ್ಸ್2 (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಪದ್ಧತಿ) ಬಗೆಯ ಡಿಸ್ಕ್‌ಗಳು ಪಾಸ್‌ವರ್ಡ್‌ನಿಂದ ಕೀಲಿ ಅರೆಯಲು ಆರ್ಗಾನ್2 ಬಳಸುತ್ತವೆ. 2015ರಲ್ಲಿ ಪಾಸ್‌ವರ್ಡ್ ಹ್ಯಾಷಿಂಗ್ ಸ್ಪರ್ಧೆ ಗೆದ್ದ ಪದ್ಧತಿ ಅದು. ಬೇಕೆಂದೇ ತುಂಬಾ ಮೆಮೊರಿ ಬೇಡುವುದು ಅದರ ಗುಣ. ಕಳ್ಳರು ಒಂದೇ ಸಲಕ್ಕೆ ಸಾವಿರಾರು ಪಾಸ್‌ವರ್ಡ್ ಪ್ರಯತ್ನಿಸಲು ಆಗಬಾರದಲ್ಲ. ಡಿಸ್ಕ್ ತಯಾರಾದ ದಿನ ಆ ಯಂತ್ರದ ರ‍್ಯಾಮ್ ನೋಡಿ, ಅರ್ಧ ಮೀರದಂತೆ, 1 ಜಿಬಿವರೆಗೆ ಅಳತೆ ಗೊತ್ತು ಮಾಡಿಕೊಳ್ಳುತ್ತದೆ. ಅಷ್ಟೇ ಮೆಮೊರಿ ತೆರೆಯುವಾಗಲೂ ಬೇಕು. 16 ಜಿಬಿ ಯಂತ್ರದಲ್ಲಿ ಹುಟ್ಟಿದ ಡಿಸ್ಕ್ 512 ಎಂಬಿ ಯಂತ್ರದಲ್ಲಿ 1 ಜಿಬಿ ಕೇಳಿದರೆ ಎಲ್ಲಿಂದ ತರುವುದು?

ದೊಡ್ಡ ಯಂತ್ರದಲ್ಲಿ ತೆರೆದು, ಕ್ರಿಪ್ಟ್‌ಸೆಟಪ್‌ನಿಂದ ಕಡಿಮೆ ಮೆಮೊರಿಯ ಅಳತೆ ಕೊಟ್ಟು ಇನ್ನೊಂದು ಕೀಲಿ ಸೇರಿಸಿ. ಭದ್ರತೆ ಸ್ವಲ್ಪ ತಗ್ಗುತ್ತದೆ, ಆದ್ದರಿಂದ ಪಾಸ್‌ವರ್ಡ್ ಉದ್ದ ಇರಲಿ.

ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ "ಮ್ಯಾಕ್ಸಿಮಮ್ ಮೆಮೊರಿ" ಟಿಕ್ ಮಾಡಿದರೆ ವೇಗ ಹೆಚ್ಚುತ್ತದಂತೆ?

ಖಂಡಿತ ಇಲ್ಲ. ವಿಡಿಯೋ ನೋಡಿ ಇದನ್ನು ಮಾಡಿಕೊಂಡು ಬಂದವರನ್ನು ನಾನೇ ಕಂಡಿದ್ದೇನೆ. ಅಲ್ಲಿ "ಮ್ಯಾಕ್ಸಿಮಮ್" ಅಂದರೆ "ಎಲ್ಲವನ್ನೂ ಬಳಸು" ಅಂತ ಅಲ್ಲ, "ಇದಕ್ಕಿಂತ ಮೇಲೆ ಮುಟ್ಟಬೇಡ" ಅಂತ. ವಿಂಡೋಸ್‌ನ ಬೂಟ್ ಮ್ಯಾನೇಜರ್‌ಗೆ ಹೋಗುವ ಕಡಿವಾಣ ಅದು. ಡ್ರೈವರ್ ಬರೆಯುವವರು ಕಡಿಮೆ ಮೆಮೊರಿಯಲ್ಲಿ ಪರೀಕ್ಷಿಸಲು ಇಟ್ಟದ್ದು. ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ, ಕಳೆದುಹೋದ ರ‍್ಯಾಮ್ ಮರಳಿ ಬರುತ್ತದೆ.

8 ಜಿಬಿ ಹಾಕಿದರೆ ಲಿನಕ್ಸ್‌ನಲ್ಲಿ 7 ಚಿಲ್ಲರೆ ಕಾಣುತ್ತದೆ. ಉಳಿದದ್ದು ಬೂಟ್‌ಲೋಡರ್ ಇಟ್ಟುಕೊಂಡಿತೇ?

ಪಾಪ, ಅದರ ಮೇಲೆ ಹಾಕಬೇಡಿ. ಹೆಚ್ಚಿನ ಪಾಲು ಒಳಗೇ ಇರುವ ಗ್ರಾಫಿಕ್ಸ್ ಚಿಪ್‌ಗೆ ಹೋಗಿರುತ್ತದೆ. ಫರ್ಮ್‌ವೇರ್ ಬೂಟ್ ಆದ ಮೇಲೂ ಸ್ವಲ್ಪ ಜಾಗ ಬಿಡುವುದಿಲ್ಲ. ಕರ್ನಲ್ ತನ್ನ ಕೋಡ್‌ಗೆ, ಪುಟಗಳ ಲೆಕ್ಕದ ಪುಸ್ತಕಕ್ಕೆ ಒಂದಿಷ್ಟು ತೆಗೆದಿಡುತ್ತದೆ. ಕ್ರ್ಯಾಶ್‌ಕರ್ನಲ್ ಆಯ್ಕೆ ಹಾಕಿದ್ದರೆ ಅದಕ್ಕೂ ಪ್ರತ್ಯೇಕ ಪಾಲು. ಬುತ್ತಿಯ ಗಂಟು, ಅಂದರೆ ಇನಿಟ್‌ರಾಮ್‌ಎಫ್‌ಎಸ್‌ನ ಜಾಗ, ಮಾತ್ರ ವಾಪಸ್ ಬರುತ್ತದೆ: ಡಿಮೆಸೇಜ್‌ನಲ್ಲಿ "ಫ್ರೀಯಿಂಗ್ ಇನಿಟ್‌ಆರ್‌ಡಿ ಮೆಮೊರಿ" ಎಂಬ ಸಾಲು ಹುಡುಕಿ.

ಇನ್ನೊಂದು ಸಣ್ಣ ವಿಷಯ. 2021ರ 5.13 ಆವೃತ್ತಿಯಿಂದ ಲಿನಕ್ಸ್ ಪಿಸಿಗಳಲ್ಲಿ ಮೊದಲ 1 ಎಂಬಿಯನ್ನು ಪೂರ್ತಿ ಮೀಸಲಿಟ್ಟಿದೆ. ಅಲ್ಲಿ ಬರೆದದ್ದನ್ನು ಕೆಲವು ಬಯೋಸ್‌ಗಳು ಹೇಳದೆ ಕೇಳದೆ ಕೆಡಿಸುತ್ತಿದ್ದವು. 640 ಕೆಬಿಗಾಗಿ ಅಷ್ಟೆಲ್ಲ ಬಡಿದಾಡಿದ ಜಾಗ ಈಗ ಬೀಳು ಬಿದ್ದಿದೆ.

ನನ್ನ ರ‍್ಯಾಮ್‌ನ ಒಂದು ಸಣ್ಣ ಭಾಗ ಮಾತ್ರ ಕೆಟ್ಟಿದೆ. ಬೂಟ್‌ಲೋಡರ್‌ನಿಂದಲೇ ಅದನ್ನು ಬಿಟ್ಟು ಓಡಿಸಬಹುದೇ?

ಆಗುತ್ತದೆ. ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುವ ಲ್ಯಾಪ್‌ಟಾಪ್ ಇದ್ದವರಿಗೆ ಇದು ವರ. ಮೊದಲು ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಟ್ಟು ಕೆಟ್ಟ ವಿಳಾಸಗಳನ್ನು ಬರೆದುಕೊಳ್ಳಿ. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಬ್ಯಾಡ್‌ರ‍್ಯಾಮ್ ಎಂಬ ಸಾಲಿದೆ, ಅಲ್ಲಿ ವಿಳಾಸ ಕೊಟ್ಟರೆ ಆ ತುಂಡನ್ನು ನಕ್ಷೆಯಿಂದ ಅಳಿಸಿ ಕರ್ನಲ್‌ಗೆ ಕೊಡುತ್ತದೆ. ಆದರೆ ಯುಇಎಫ್‌ಐ ಯಂತ್ರದಲ್ಲಿ ಕರ್ನಲ್ ಫರ್ಮ್‌ವೇರ್‌ನಿಂದ ತಾನೇ ನಕ್ಷೆ ಕೇಳಿಕೊಳ್ಳುವುದರಿಂದ ಇದನ್ನು ನೆಚ್ಚಿಕೊಳ್ಳಲು ಆಗದು. ಅಲ್ಲಿ ಕರ್ನಲ್‌ಗೇ ಮೆಮ್‌ಮ್ಯಾಪ್ ಆಯ್ಕೆ ಕೊಡಿ: ಎಷ್ಟು ಜಾಗ, ನಡುವೆ ಒಂದು ಡಾಲರ್ ಚಿಹ್ನೆ, ಎಲ್ಲಿಂದ ಶುರು.

ಆ ಡಾಲರ್ ಚಿಹ್ನೆಯೇ ತಲೆನೋವು. ಗ್ರಬ್ ಅದನ್ನು ವೇರಿಯಬಲ್ ಅಂದುಕೊಂಡು ನುಂಗಿಬಿಡುತ್ತದೆ. ಸೆಟ್ಟಿಂಗ್ ಫೈಲ್‌ನಲ್ಲಿ ಅದರ ಎಡಕ್ಕೆ ಬ್ಯಾಕ್‌ಸ್ಲ್ಯಾಶ್‌ಗಳನ್ನು ಹಾಕಬೇಕು, ಒಂದು ಸಾಲುವುದಿಲ್ಲ, ಸಾಮಾನ್ಯವಾಗಿ ಮೂರು ಬೇಕಾಗುತ್ತದೆ. ಬೂಟ್ ಆದ ಮೇಲೆ ಪ್ರಾಕ್ ಫೋಲ್ಡರ್‌ನ ಸಿಎಂಡಿಲೈನ್ ಫೈಲ್ ತೆರೆದು ನೋಡಿ. ಅದರಲ್ಲಿ ಡಾಲರ್ ಕಂಡರೆ ಕೆಲಸ ಆದಂತೆ. ಕಾಣದಿದ್ದರೆ ಇನ್ನೊಂದು ಬ್ಯಾಕ್‌ಸ್ಲ್ಯಾಶ್ ಹಾಕಿ ಮತ್ತೆ ಬನ್ನಿ.